ಮಂಗಳವಾರ, ಶುಕ್ರವಾರದ ತಲೆನೋವು

ವೆಂಡೆಲ್ ಹ್ಯಾಸ್ಕೆಟ್‌ಗೆ ಹೆಂಡತಿಯ ಮೇಲೆ ಮೊದಲು ಅನುಮಾನ ಬಂದದ್ದು ಅಕ್ಟೋಬರ್ ತಿಂಗಳ ಒಂದು ಶುಕ್ರವಾರ ಸಂಜೆ, ಅಡುಗೆಮನೆಯ ಸಿಂಕಿಗೆ ಬಗ್ಗಿ ವಾಂತಿ ಮಾಡುತ್ತಿದ್ದಾಗ. ಅರ್ಡಿತ್ ಹಿಂದೆಯೇ ಬಂದು ನಿಂತಳು. ಬೆನ್ನು ಸವರಲಿಲ್ಲ, ನೀರು ಕೊಡಲಿಲ್ಲ. ಅವನ ಬಾಯಿಯ ಹತ್ತಿರ ಮೂಗು ತಂದು ಮೂಸಿದಳು. ಹುಡುಕಿದ್ದು ಸಿಗದವಳ ಹಾಗೆ ಹುಬ್ಬು ಗಂಟಿಕ್ಕಿದಳು.

"ಏನದು ಮೂಸೋದು? ನಾನೇನು ಕೆಟ್ಟ ಹಾಲಾ?" ಎಂದ ವೆಂಡೆಲ್.

"ಏನಿಲ್ಲ. ನಿನ್ನ ಗೆಳೆಯ ಆ ಎಮರಿ ಹತ್ರ ಏನ್ ತಗೊಂಡೆ?"

"ನೀನು ಕಟ್ಟಿಕೊಟ್ಟಿದ್ದನ್ನೇ ತಗೊಂಡೆ. ಕಾಫಿ, ಸ್ಯಾಂಡ್‌ವಿಚ್. ಇನ್ನೇನು ತಗೋತೀನಿ?"

"ಅಷ್ಟೇನಾ?"

"ಅಷ್ಟೇ."

ಅವಳು ಹೊರಟುಹೋದಳು. ವೆಂಡೆಲ್ ಹಾಸಿಗೆಯ ಮೇಲೆ ಬಿದ್ದುಕೊಂಡು, ಸುತ್ತಿಗೆಯಲ್ಲಿ ಬಡಿದಂತೆ ಸಿಡಿಯುತ್ತಿದ್ದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಯೋಚಿಸಿದ. ವಾಂತಿ ಮಾಡುವ ಗಂಡನನ್ನು ಯಾವ ಹೆಂಡತಿ ಮೂಸಿ ನೋಡುತ್ತಾಳೆ? ವಾಸನೆ ಉಳಿದಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಕಾದವಳು ನೋಡುತ್ತಾಳೆ. ಯಾವುದರ ವಾಸನೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಆದರೆ ಅನುಮಾನ ಎಂಬುದು ಮನೆಗೆ ನುಗ್ಗಿದ ಇಲಿ ಇದ್ದ ಹಾಗೆ. ಬಾಲ ಕಂಡರೆ ಸಾಕು, ಆಮೇಲೆ ಪ್ರತಿ ಸದ್ದೂ ಅದರದ್ದೇ.

ಅವನಿಗೆ ಅರವತ್ತನಾಲ್ಕು ವರ್ಷ. ಪಾಮ್‌ಡೇಲಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಗಡು ಬಗ್ಗಿಸಿ ರಿವೆಟ್ ಹೊಡೆದು ನಿವೃತ್ತನಾಗಿದ್ದ. ಅಲ್ಲೇ ಹತ್ತಿರದ ಲಿಟಲ್‌ರಾಕಿನಲ್ಲಿ, ಪೇರ್ ಹಣ್ಣಿನ ತೋಟಗಳು ಮುಗಿದು ಮರುಭೂಮಿ ಶುರುವಾಗುವ ಕಡೆ, ಸಣ್ಣ ಮನೆ, ಮನೆಗಿಂತ ದೊಡ್ಡ ಶೆಡ್ಡು. ಮೂರು ವರ್ಷದ ಹಿಂದೆ ಅರ್ಡಿತಳನ್ನು ಮದುವೆಯಾಗಿದ್ದ. ಅವನಿಗೂ ಎರಡನೆಯದು, ಅವಳಿಗೂ ಎರಡನೆಯದು. ಆ ಸುತ್ತಿನ ಮಕ್ಕಳನ್ನೆಲ್ಲ ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿ ಹೊತ್ತು ತಿರುಗಿದವಳು ಅವಳು. ಮೊದಲ ಗಂಡ ಫ್ಲಾಯ್ಡ್ ರಾತ್ರಿಯ ಊಟದ ಮೇಜಿನ ಮೇಲೆಯೇ ತಲೆಯಿಟ್ಟು ಸತ್ತುಹೋಗಿದ್ದ. ಹೃದಯ ನಿಂತಿತು ಎಂದು ಊರು ಹೇಳುತ್ತಿತ್ತು. ವೆಂಡೆಲ್ ಆ ವಿಷಯ ಅವಳನ್ನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಈಗ ಮಲಗಿದಲ್ಲೇ ಅವನಿಗೆ ಅನ್ನಿಸಿತು: ಊಟದ ಮೇಜು. ಆ ದಿನ ಊಟ ಬಡಿಸಿದವರು ಯಾರು?

ಅವನ ಶೆಡ್ಡಿನಲ್ಲಿದ್ದದ್ದು ನಾಲ್ಕು ವರ್ಷ ಕೂತು ಕೈಯಾರೆ ಕಟ್ಟಿದ ಹಾಟ್ ರಾಡ್ ಕಾರು. ಮೂವತ್ತೊಂದನೇ ಇಸವಿಯ ಎರಡು ಬಾಗಿಲಿನ ಫೋರ್ಡ್ ಕೂಪೆಯ ಸವಕಲು ಮೈ, ಅದಕ್ಕೆ ನಲವತ್ತೆಂಟರ ಎಂಟು ಸಿಲಿಂಡರಿನ ಎಂಜಿನ್. ಮಾಡನ್ನು ನಾಲ್ಕು ಬೆರಳು ಕತ್ತರಿಸಿ ತಗ್ಗಿಸಿದ್ದ. ಒಳಗೆ ಕೂತರೆ ಅಂಚೆಡಬ್ಬಿಯ ಬಾಯಿಂದ ಲೋಕ ನೋಡಿದಂತೆ. ಯುದ್ಧ ಮುಗಿದು ಊರಿಗೆ ಬಂದ ಹುಡುಗರು ಎಲ್ ಮಿರಾಜಿನ ಒಣಗಿದ ಕೆರೆಯ ಮೇಲೆ ಓಡಿಸುತ್ತಿದ್ದರಲ್ಲ, ಥೇಟ್ ಅಂಥದ್ದು. ಅಂಗಡಿಯಿಂದ ತಂದ ಹೊಳೆಯುವ ಸಾಮಾನು ಒಂದೂ ಇಲ್ಲ.

ಅದಕ್ಕೆ ಹೊಗೆಪೈಪು ಕೂಡಿಸಿದ್ದು ಜೂನ್ ತಿಂಗಳಲ್ಲಿ. ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಏರಿಸಿ, ಕೆಳಗೆ ಬೆನ್ನ ಮೇಲೆ ಮಲಗಿ, ಎರಡು ವಾರ. ಒಂದು ಕಡೆ ಸ್ಟಿಯರಿಂಗ್ ಪೆಟ್ಟಿಗೆ, ಇನ್ನೊಂದು ಕಡೆ ಸ್ಟಾರ್ಟರ್, ನಡುವೆ ಬ್ರೇಕಿನ ಕೊಳವೆ. ಇಷ್ಟೆಲ್ಲವನ್ನೂ ಸುಡದಂತೆ, ತಾಗದಂತೆ ಪೈಪು ತಿರುಗಬೇಕು. ತುಂಡು ಕತ್ತರಿಸಿ, ಹಿಡಿದು ನೋಡಿ, ಒಂದು ಚುಕ್ಕೆ ವೆಲ್ಡ್ ಇಟ್ಟು, ಮತ್ತೆ ಬಿಚ್ಚಿ, ಮತ್ತೆ ಕತ್ತರಿಸಿ. ಕೊನೆಗೆ ಎರಡೂ ಬದಿ ಗಿಡ್ಡ ಸೈಲೆನ್ಸರ್ ಹಾಕಿ, ಹಿಂದಿನ ಗಾಲಿಗಳ ಆಕ್ಸಲ್ಲಿಗೆ ಒಂದು ಗೇಣು ಮೊದಲೇ, ಸೀಟಿನ ಸರಿಯಾಗಿ ಕೆಳಗೆ, ಪೈಪಿನ ಬಾಯಿ ನಿಲ್ಲಿಸಿಬಿಟ್ಟ. ಹಾಗೆ ನಿಲ್ಲಿಸಿದರೇ ಆ ಗುಡುಗು. ಉದ್ದ ಎಳೆದಷ್ಟೂ ಸದ್ದು ಸಪ್ಪೆ.

ಎಮರಿ ಟಿಸ್‌ಡೇಲ್ ಮಾತ್ರ ಒಪ್ಪಲಿಲ್ಲ. ಎಮರಿ ಅವನ ನಲವತ್ತು ವರ್ಷದ ಗೆಳೆಯ. ಲ್ಯಾಂಕಾಸ್ಟರಿನಲ್ಲಿ ಸೈಲೆನ್ಸರ್ ಅಂಗಡಿ ಇಟ್ಟಿದ್ದವನು, ಈಗ ಎಲ್ಲ ಗಂಟುಮೂಟೆ ಕಟ್ಟಿ ಎಲ್ ಮಿರಾಜಿನ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು ಹಾಕಿಕೊಂಡು, ಹಳೇ ಕಾರಿನವರಿಗೆ ಪೈಪು ಬಗ್ಗಿಸಿ ಕೊಡುತ್ತಿದ್ದ.

"ಲೋ ವೆಂಡೆಲ್, ಪೈಪನ್ನ ಆಕ್ಸಲ್ ಮೇಲಿಂದ ಹತ್ತಿಸಿ ಹಿಂದಿನ ತನಕ ಒಯ್ಯೋ. ಹೊಗೆ ಹಿಂದೆ ಹೋಗ್ಲಿ," ಎಂದಿದ್ದ.

"ಹೊಗೆ ಹೋಗೋಕೆ ಮರುಭೂಮಿ ಪೂರ್ತಿ ಬಿದ್ದಿದೆ."

"ಗಾಳಿ ನಿನ್ನ ಮಾತು ಕೇಳಲ್ಲ ಕಣೋ. ನನ್ನ ಹತ್ರ ಒಳ್ಳೇ ಬಾಗು ಪೈಪಿದೆ, ಬೇಕಾದ್ರೆ ನಾನೇ ಕೂರಿಸ್ತೀನಿ."

"ಅದೇ ಅನ್ಕೊಂಡೆ, ಇನ್ನೂ ಯಾಕೆ ಪೈಪು ಮಾರೋ ಮಾತು ಬರಲಿಲ್ಲ ಅಂತ," ಎಂದು ವೆಂಡೆಲ್ ನಕ್ಕಿದ್ದ. ಎಮರಿ ನಕ್ಕಿರಲಿಲ್ಲ. ತನ್ನ ಕಾರು ಗುಡುಗುವುದು ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡು ವೆಂಡೆಲ್ ಆ ಮಾತನ್ನು ಅಲ್ಲೇ ಬಿಟ್ಟ.

ಆವತ್ತಿಂದ ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಅವನು ಆ ಕಾರಿನಲ್ಲಿ ಎಮರಿಯ ಶೆಡ್ಡಿಗೆ ಹೋಗುತ್ತಿದ್ದ. ಮೂವತ್ತೈದು ಮೈಲಿ ಹೋಗಿ, ಹರಟೆ ಹೊಡೆದು, ಮೂವತ್ತೈದು ಮೈಲಿ ಬರುವುದು. ಬೇಸಿಗೆಯೆಲ್ಲ ಕಿಟಕಿ ಇಳಿಸಿ, ತೋಳು ಹೊರಗಿಟ್ಟು ಓಡಿಸಿದ. ಏನೂ ಆಗಲಿಲ್ಲ.

ಅಕ್ಟೋಬರಿನಲ್ಲಿ ಮೂರು ವಿಷಯ ಒಟ್ಟಿಗೆ ಆದವು, ಅಥವಾ ಹಾಗೆಂದು ವೆಂಡೆಲ್ ಆಮೇಲೆ ಜೋಡಿಸಿಕೊಂಡ. ಅರ್ಡಿತ್ ಆರೆಗಾನ್ ರಾಜ್ಯಕ್ಕೆ ಹೋಗುವ ಮಾತು ನಿಲ್ಲಿಸಿದಳು. ಅವಳ ಅಕ್ಕ ಅಲ್ಲಿ ಕೂಸ್ ಬೇ ಎಂಬ ಊರಲ್ಲಿದ್ದಳು. ಈ ಧೂಳು, ಈ ಗಾಳಿ ಬಿಟ್ಟು ಅಲ್ಲಿಗೆ ಹೋಗಿಬಿಡೋಣ ಎಂದು ಎರಡು ವರ್ಷದಿಂದ ಪೀಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಎರಡನೆಯದು, ಚಳಿ ಶುರುವಾಯಿತೆಂದು ಅವನಿಗೆ ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಡಲು ಶುರುಮಾಡಿದಳು. ಮೂರನೆಯದು ಈ ತಲೆನೋವು.

ತಲೆನೋವು ಬರುವುದು ಮಂಗಳವಾರ, ಶುಕ್ರವಾರ. ಕಾಫಿ ಕಟ್ಟಿಕೊಡುವುದೂ ಮಂಗಳವಾರ, ಶುಕ್ರವಾರ. ಬುಧವಾರ ಅವಳದೇ ಅಡುಗೆ ಉಂಡರೂ ಏನೂ ಇಲ್ಲ. ಬುಧವಾರ ಅವಳೂ ಅದೇ ಪಾತ್ರೆಯಿಂದ ಉಣ್ಣುತ್ತಾಳಲ್ಲ!

ಮುಂದಿನ ಮಂಗಳವಾರ ಅವನು ಒಂದು ಉಪಾಯ ಮಾಡಿದ. ಎಮರಿಯ ಶೆಡ್ಡಿನಲ್ಲಿ ಫ್ಲಾಸ್ಕಿನಿಂದ ಒಂದು ಲೋಟ ಬಗ್ಗಿಸಿ ಎಮರಿಗೆ ಕೊಟ್ಟ. ತಾನು ಮುಟ್ಟಲಿಲ್ಲ.

ಎಮರಿ ಗಟಗಟ ಕುಡಿದು ಬಾಯಿ ಒರೆಸಿಕೊಂಡ. "ನಿನ್ನ ಹೆಂಡ್ತಿ ಕಾಫಿ ಅಂದ್ರೆ ಕಾಫಿ ಕಣೋ. ಇನ್ನೊಂದು ಸುರಿ."

"ಏನೂ ಅನ್ನಿಸ್ತಿಲ್ವಾ?"

"ಏನ್ ಅನ್ನಿಸ್ಬೇಕು?"

"ತಲೆ ಗಿಲೆ?"

ಎಮರಿ ಲೋಟ ಕೆಳಗಿಟ್ಟು ಅವನನ್ನೇ ನೋಡಿದ. "ವೆಂಡೆಲ್, ನಿಂಗೆ ಮೈ ಸರಿ ಇದ್ಯಾ? ಬಂದಾಗಿಂದ ಕೆಂಪು ಟೊಮೇಟೊ ಥರ ಕೂತಿದ್ದೀಯ."

ಎಮರಿಗೆ ಏನೂ ಆಗಲಿಲ್ಲ. ಮನೆಗೆ ಮರಳುವಷ್ಟರಲ್ಲಿ ವೆಂಡೆಲ್‌ಗೆ ಮಾತ್ರ ರಸ್ತೆ ಎರಡಾಗಿ ಕಾಣುತ್ತಿತ್ತು. ಕಾಫಿ ಕುಡಿಯದೆಯೂ ಹೀಗಾಯಿತು ಎಂದರೆ ಬೇರೆಯವನಾಗಿದ್ದರೆ ಅನುಮಾನವನ್ನೇ ಬಿಟ್ಟುಬಿಡುತ್ತಿದ್ದ. ವೆಂಡೆಲ್ ಅದನ್ನು ಸ್ಯಾಂಡ್‌ವಿಚ್ಚಿಗೆ ದಾಟಿಸಿದ. ಶುಕ್ರವಾರ ಸ್ಯಾಂಡ್‌ವಿಚ್ಚನ್ನು ದಾರಿಬದಿಯ ಕಾಗೆಗಳಿಗೆ ಎಸೆದ. ಕಾಗೆಗಳು ತಿಂದು ಹಾರಿಹೋದವು, ಇವನ ತಲೆ ಸಿಡಿಯಿತು. ಹಾಗಾದರೆ ಬೆಳಗಿನ ಹಿಟ್ಟಿನ ದೋಸೆಯಲ್ಲಿದೆ, ಅಥವಾ ಅದರ ಮೇಲೆ ಸುರಿಯುವ ಪಾಕದಲ್ಲಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆಮೇಲೆ ಫೋನಿನ ಪ್ರಸಂಗ ಬಂತು. ನವೆಂಬರ್ ಮೊದಲ ವಾರ, ಶೆಡ್ಡಿನಿಂದ ಸ್ಪ್ಯಾನರ್ ತೊಳೆಯಲು ಒಳಗೆ ಬಂದವನಿಗೆ ಹಜಾರದಿಂದ ಅರ್ಡಿತಳ ಪಿಸುದನಿ ಕೇಳಿಸಿತು.

"ಅವನಿಗೆ ಮಾತ್ರ ಗೊತ್ತಾಗಬಾರದು. ... ಇಲ್ಲ, ನೀನೇನೂ ಮಾಡ್ಬೇಡ. ನಾನೇ ನೋಡ್ಕೋತೀನಿ."

ನೆಲದ ಹಲಗೆ ಕಿರ್ರೆಂದಿತು. ಅವಳು ಫೋನ್ ಇಟ್ಟಳು.

"ಯಾರು?"

"ರಾಂಗ್ ನಂಬರ್."

"ರಾಂಗ್ ನಂಬರ್ ಜೊತೆ ಇಷ್ಟು ಹೊತ್ತಾ?"

"ಹಠಮಾರಿ ರಾಂಗ್ ನಂಬರ್," ಎಂದು ಅವಳು ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಿವಿಯವರೆಗೂ ಕೆಂಪಾಗಿದ್ದಳು.

ಮಂಗಳವಾರ ಎಮರಿಯನ್ನು ಕೇಳಿದ. "ಅರ್ಡಿತ್ ಏನಾದ್ರೂ ನಿಂಗೆ ಫೋನ್ ಮಾಡಿದ್ಲಾ?"

ಎಮರಿ ಮೇಜಿನ ಇಕ್ಕಳದಂಥ ವೈಸಿನಲ್ಲಿ ಹಿಡಿದಿದ್ದ ಪೈಪಿನಿಂದ ಕಣ್ಣೆತ್ತಲಿಲ್ಲ. "ನಂಗ್ಯಾಕೆ ಮಾಡ್ತಾಳೆ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಸುಮ್ಮಸುಮ್ಮನೆ ಅರ ಎತ್ತಿಕೊಂಡು, ಉಜ್ಜಿದ ಕಡೆಯೇ ಉಜ್ಜತೊಡಗಿದ. ಸರಿ, ಇವನೂ ಸೇರಿದ್ದಾನೆ ಎಂದುಕೊಂಡ ವೆಂಡೆಲ್. ಎಮರಿ ಐದು ವರ್ಷದಿಂದ ಒಬ್ಬಂಟಿ. ಅರ್ಡಿತಳ ಕಾಫಿಯನ್ನು ಹೊಗಳುತ್ತಾನೆ. ಇಷ್ಟು ಸಾಕಾಯಿತು.

ಗುರುವಾರ ಮಧ್ಯಾಹ್ನ ಅವಳು ಪೇಟೆಗೆ ಹೋದಾಗ ವೆಂಡೆಲ್ ಅವಳ ಮೇಜಿನ ಡ್ರಾಯರ್ ತೆರೆದ. ಹಾಗೆ ಮಾಡುವ ಮನುಷ್ಯನಲ್ಲ ಅವನು. ಬಸ್ಸಿನ ಕಾಲದ ಒಂದು ಸಣ್ಣ ನೋಟ್‌ಬುಕ್ ಸಿಕ್ಕಿತು. ಕೊನೆಯ ಪುಟಗಳಲ್ಲಿ ಅವಳ ನೆಟ್ಟಗಿನ ಕೈಬರಹ:

"ಮಂಗಳ 13. 3:50ಕ್ಕೆ ಬಂದ. ಮುಖ ಕೆಂಪು. ಮಾತು ತೊದಲು. ಬುಧ 14. ಸರಿ ಇದ್ದಾನೆ. ಶುಕ್ರ 16. ವಾಂತಿ. ವಾಸನೆ ಇಲ್ಲ. ಶನಿ 17. ಸರಿ. ಮಂಗಳ 20. ನಡೆಯುವಾಗ ಗೋಡೆ ಹಿಡಿದ. ವಾಸನೆ ಇಲ್ಲ."

ಹೀಗೇ ಮೂರು ಪುಟ. ಪ್ರತಿ ಸಾಲಿನಲ್ಲೂ ಅವನು ಎಷ್ಟು ಬಿದ್ದ, ಎಷ್ಟು ಎದ್ದ ಎಂಬುದು. ಇಲಿಗೆ ಪಾಷಾಣ ಇಟ್ಟವರು ಹೀಗೇ ನೋಡುತ್ತಾರೆ, ಎಷ್ಟು ತಿಂದಿತು, ಇನ್ನೂ ಓಡಾಡುತ್ತಿದೆಯೇ ಎಂದು. ಅವನು ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ ತೆರೆದಿಟ್ಟು, ಎದುರಿನ ಕುರ್ಚಿಯಲ್ಲಿ ಕಾದು ಕೂತ.

ಅರ್ಡಿತ್ ಬಂದವಳು ಸಾಮಾನಿನ ಚೀಲವನ್ನು ಕೆಳಗಿಡಲಿಲ್ಲ. ಮೊದಲು ನೋಟ್‌ಬುಕ್ ನೋಡಿದಳು, ಆಮೇಲೆ ಅವನನ್ನು.

"ನನ್ನ ಡ್ರಾಯರ್‌ಗೆ ಕೈ ಹಾಕಿದ್ಯಾ?"

"ಹಾಕ್ದೆ. ಈಗ ನೀನು ಹೇಳು. ನನ್ನ ತಿಂಡಿಗೆ ಏನು ಬೆರೆಸ್ತಿದ್ದೀಯ?"

"ಏನು?"

"ಕೇಳಿಸ್ತಲ್ಲ. ತಿಂಡಿಗೆ. ಫ್ಲಾಯ್ಡ್‌ಗೂ ಅದನ್ನೇ ಹಾಕಿದ್ಯಾ?"

ಚೀಲ ಅವಳ ಕೈಯಿಂದ ಜಾರಿತು. ಒಂದು ಡಬ್ಬಿ ಉರುಳಿಕೊಂಡು ಹೋಗಿ ಒಲೆಯ ಕೆಳಗೆ ನಿಂತಿತು. ಅವಳು ಕೂಗಾಡಲಿಲ್ಲ. ದನಿ ಹೊರಟಾಗ ಅದು ತೀರಾ ಸಣ್ಣದಾಗಿತ್ತು.

"ಫ್ಲಾಯ್ಡ್ ಕುಡಿದು ಸತ್ತ ಕಣೋ. ಹನ್ನೊಂದು ವರ್ಷ ಕದ್ದು ಕುಡಿದ. ಟೈರಿನೊಳಗೆ ಬಾಟ್ಲಿ, ಅಕ್ಕಿ ಡಬ್ಬದಲ್ಲಿ ಬಾಟ್ಲಿ. ಸಂಜೆ ಕೆಂಪು ಮುಖ ಹೊತ್ಕೊಂಡು, ತೊದಲಿಕೊಂಡು ಬರ್ತಿದ್ದ. ತಲೆನೋವು ಅಂತಿದ್ದ. ಥೇಟ್ ನಿನ್ನ ಹಾಗೇ. ಈ ನೋಟ್‌ಬುಕ್ಕಲ್ಲಿ ನಾನು ಬರೆದಿರೋದು ನೀನು ಯಾವ್ಯಾವ ದಿನ ಕುಡಿದು ಬರ್ತೀಯ ಅಂತ."

"ನಾನು? ಕುಡಿಯೋದಾ?"

"ಎಮರಿಗೆ ಫೋನ್ ಮಾಡಿ ಕೇಳಿದ್ದೂ ಅದನ್ನೇ. ಅಲ್ಲಿ ಕುಡೀತಾನಾ ಅಂತ. ಇಲ್ಲ ಅಂದ. ನೀನು ಹೇಳಿಕೊಟ್ಟಿದ್ದೀಯ ಅಂದ್ಕೊಂಡೆ. ಆರೆಗಾನ್ ಬೇಡ ಅಂತ ಸುಮ್ಮನಾಗಿದ್ದೂ ಅದಕ್ಕೇ. ಇನ್ನೊಬ್ಬ ಕುಡುಕನನ್ನ ಅಕ್ಕನ ಮನೆ ಬಾಗಿಲಿಗೆ ಕರ್ಕೊಂಡು ಹೋಗೋಕೆ ನನ್ನಿಂದಾಗಲ್ಲ."

"ನಾನು ಇಪ್ಪತ್ತು ವರ್ಷದಿಂದ ಬಿಯರ್ ಕೂಡ ಮುಟ್ಟಿಲ್ಲ."

"ನಾನೂ ಯಾರ ತಿಂಡಿಗೂ ಏನೂ ಹಾಕಿಲ್ಲ."

ಅವಳೂ ಮೇಜಿನ ಆಚೆ ಕಡೆ ಕೂತಳು. ಅವಳು ಹೇಳುವುದು ನಿಜವಿರಬಹುದು ಎಂದು ವೆಂಡೆಲ್‌ಗೆ ಅನ್ನಿಸಿತು. ಸುಳ್ಳಾದರೂ ಇಷ್ಟೇ ಚೆನ್ನಾಗಿ ಹೇಳಬಹುದು ಎಂದೂ ಅನ್ನಿಸಿತು. ಅವಳಿಗೂ ಹಾಗೇ ಅನ್ನಿಸುತ್ತಿದೆ ಎಂಬುದು ಅವಳ ಕಣ್ಣಿನಲ್ಲಿತ್ತು.

"ನಾಳೆ ಶುಕ್ರವಾರ," ಎಂದಳು ಕೊನೆಗೆ. "ನಾನೂ ನಿನ್ನ ಜೊತೆ ಬರ್ತೀನಿ. ಮನೆಯಿಂದ ಎಮರಿ ಶೆಡ್ಡಿನ ತನಕ ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಕಾಫಿ ಇಲ್ಲ, ಬ್ರೆಡ್ಡಿಲ್ಲ, ಬಾಟ್ಲಿ ಇಲ್ಲ. ಆಗ ನೋಡೋಣ."

"ತಿಂಡಿ?"

"ತಿಂಡೀನೂ ಬೇಡ. ಖಾಲಿ ಹೊಟ್ಟೇಲಿ ಹೋಗೋಣ, ಇಬ್ರೂ."

ಮರುದಿನ ಬೆಳಿಗ್ಗೆ ಬೆಟ್ಟದಿಂದ ಇಳಿಯುವ ಗಾಳಿ ಮೈ ಕೊರೆಯುತ್ತಿತ್ತು. ಅದುವರೆಗೆ ಅರ್ಡಿತ್ ಆ ಕಾರಿನಲ್ಲಿ ಪೇಟೆಯ ಆಚೆ ಕೂತು ಹೋದವಳೇ ಅಲ್ಲ. ತಗ್ಗಿದ ಮಾಡಿನ ಕೆಳಗೆ ತಲೆ ಬಗ್ಗಿಸಿ ನುಸುಳಿ ಕೂತಳು. ವೆಂಡೆಲ್ ಕಿಟಕಿಗಳನ್ನು ಪೂರ್ತಿ ಏರಿಸಿದ. ಎಂಜಿನ್ ಗುಡುಗಿತು. ಅವಳು ಅವನ ಕೈಯನ್ನು ನೋಡುತ್ತಾ ಕೂತಳು, ಅವನು ಅವಳ ಚೀಲವನ್ನು. ಪೇರ್‌ಬ್ಲಾಸಮ್ ಊರು ದಾಟಿತು.

"ಏನೋ ವಾಸನೆ ಬರ್ತಿದೆಯಲ್ಲ," ಎಂದಳು.

"ಹಳೇ ಕಾರು. ವಾಸನೆ ಬರ್ದೆ ಇನ್ನೇನು, ಅತ್ತರು ಬರುತ್ತಾ?"

ಮುಳ್ಳುತಲೆಯ ಜೋಶುವಾ ಮರಗಳು ಹಿಂದಕ್ಕೆ ಓಡುತ್ತಿದ್ದವು. ಅರ್ಧ ಗಂಟೆಯ ಹೊತ್ತಿಗೆ ವೆಂಡೆಲ್‌ಗೆ ಹಣೆಯ ಎರಡೂ ಕಡೆ ಗುರುತಿನ ಬಡಿತ ಶುರುವಾಯಿತು. ಬಂತು ಎಂದುಕೊಂಡ. ಖಾಲಿ ಹೊಟ್ಟೆಯಲ್ಲೂ ಬಂತು. ನಿನ್ನೆ ರಾತ್ರಿಯ ಊಟದಲ್ಲಿ ಹಾಕಿರಬೇಕು ಎಂದುಕೊಳ್ಳುತ್ತಾ ಅವಳ ಕಡೆ ತಿರುಗಿದ. ಅರ್ಡಿತ್ ಹಣೆಯನ್ನು ಬೆರಳಿನಲ್ಲಿ ಒತ್ತಿಕೊಂಡಿದ್ದಳು. ಕೆನ್ನೆ ಕೆಂಪಾಗಿತ್ತು.

"ನಂಗೆ ತಲೆನೋವು," ಎಂದಳು ನಿಧಾನವಾಗಿ. ಯಾರದೋ ವಿಷಯ ಹೇಳುವ ಹಾಗೆ.

"ನಂಗೂ."

"ವೆಂಡೆಲ್, ನಿಲ್ಲಿಸು."

ಅವನಿಗೆ ಕೇಳಿಸಿತು. ನಿಲ್ಲಿಸುವುದು ಹೇಗೆ ಎಂಬುದು ಮಾತ್ರ ಎಲ್ಲೋ ದೂರದಲ್ಲಿತ್ತು. ಕಾಲು ಕಾಲಿನ ಹಾಗಿರಲಿಲ್ಲ. ಅರ್ಡಿತ್ ಬಗ್ಗಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು, ಸ್ಟಿಯರಿಂಗನ್ನು ಒಂದು ಕೈಯಲ್ಲಿ ಬದಿಗೆಳೆದಳು. ಕಾರು ಜಲ್ಲಿಯ ಮೇಲೆ ಗರಗರ ಉರುಳಿ ಒಂದು ಬೇಲಿಯ ಹತ್ತಿರ ನಿಂತಿತು. ಬಾಗಿಲು ತೆರೆದು ಬಿದ್ದಳು, ಎದ್ದಳು, ಆಚೆ ಸುತ್ತಿಬಂದು ಅವನ ತೋಳು ಹಿಡಿದು ಗೋಣಿಚೀಲ ಎಳೆದ ಹಾಗೆ ಹೊರಗೆಳೆದಳು. ಇಬ್ಬರೂ ಆ ಚಳಿಗಾಳಿಯಲ್ಲಿ ನೆಲದ ಮೇಲೆ ಮಲಗಿ ಬಾಯಿ ಬಿಟ್ಟು ಉಸಿರಾಡಿದರು. ಅರ್ಡಿತ್ ಮೊಣಕಾಲೂರಿ ವಾಂತಿ ಮಾಡಿದಳು.

ಬಹಳ ಹೊತ್ತಾದ ಮೇಲೆ ಬೇಲಿಯ ಕಂಬಕ್ಕೆ ಒರಗಿ ಕೂತು ಹೇಳಿದಳು:

"ಚಳಿಗಾಲ ಬಂತು ಅಂದ್ರೆ ನಮ್ಗೆ ಡಿಪೋದಲ್ಲಿ ಪಾಠ ಮಾಡೋರು. ಹೊಗೆಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ರೂ ಬಸ್ ತೆಗೀಬೇಡಿ, ಹಿಂದಿನ ಸೀಟಿನ ಮಕ್ಕಳು ನಿದ್ದೆ ಮಾಡ್ತಿದ್ದಾರೆ ಅಂದ್ಕೋತೀರ, ಅದು ನಿದ್ದೆ ಆಗಿರಲ್ಲ ಅಂತ. ಇಪ್ಪತ್ತೆರಡು ವರ್ಷ ಆ ಪಾಠ ಕೇಳಿದ್ದೀನಿ. ಕೆಂಪು ಮುಖ ನೋಡಿ ನಂಗೆ ಅದು ನೆನಪಾಗ್ಲಿಲ್ಲ. ಬಾಟ್ಲಿ ನೆನಪಾಯ್ತು."

ವೆಂಡೆಲ್ ಕಾರಿನ ಕಡೆ ನೋಡಿದ. ಸೀಟಿನ ಕೆಳಗೆ, ಆಕ್ಸಲ್ಲಿಗೆ ಒಂದು ಗೇಣು ಮೊದಲು, ಅವನೇ ನಿಲ್ಲಿಸಿದ ಎರಡು ಪೈಪಿನ ಬಾಯಿ ಕಾಣುತ್ತಿತ್ತು. ಬೇಸಿಗೆಯಲ್ಲಿ ಕಿಟಕಿ ತೆರೆದಿತ್ತು. ಚಳಿ ಬಂದ ಮೇಲೆ ಮುಚ್ಚಿತು. ಇಷ್ಟೇ ಆದದ್ದು.

"ಅರ್ಡಿತ್," ಎಂದ.

"ನಾಲ್ಕು ವಾರ ನಾನು ಕೊಟ್ಟಿದ್ದು ವಿಷ ಅಂದ್ಕೊಂಡೇ ತಿಂತಿದ್ದೆಯಲ್ಲ?"

"ತಿಂತಿರ್ಲಿಲ್ಲ. ಆಮೇಲಾಮೇಲೆ ಎಸೀತಿದ್ದೆ."

"ಅದಿನ್ನೂ ಚೆನ್ನಾಗಿದೆ."

"ನೀನೂ ನನ್ನ ಕುಡುಕ ಅಂದ್ಕೊಂಡಿದ್ದೆ."

ಅವಳು ಅವನನ್ನು ದಿಟ್ಟಿಸಿ ನೋಡಿದಳು. "ಕುಡುಕ ಅನ್ನೋದೂ ಕೊಲೆಗಾತಿ ಅನ್ನೋದೂ ಒಂದೇ ತೂಕನಾ, ವೆಂಡೆಲ್?"

ವೆಂಡೆಲ್ ಎದ್ದು ರಸ್ತೆಯ ಬದಿಗೆ ಹೋಗಿ ಕೈ ಅಡ್ಡ ಹಿಡಿದ. ದಾರಿಯಲ್ಲಿ ಬಂದ ಒಂದು ಹುಲ್ಲಿನ ಲಾರಿ ಅವರನ್ನು ಎಮರಿಯ ಶೆಡ್ಡಿಗೆ ಮುಟ್ಟಿಸಿತು.

ಎಮರಿ ಕಾರನ್ನು ಎಳೆದು ತಂದು, ಕೆಳಗೆ ನುಗ್ಗಿ ಟಾರ್ಚ್ ಹಾಕಿದ. ಪೆಡಲುಗಳ ಸುತ್ತ ಬೆರಳು ತೂರುವಷ್ಟು ಸಂದು. ನೆಲದ ಮರದ ಹಲಗೆಗಳ ನಡುವೆ ಬೆಳಕು ಕಾಣುವಷ್ಟು ಬಿರುಕು. ಹಿಂದಿನ ಡಿಕ್ಕಿಯ ಮೂಲೆಯಲ್ಲಿ ತುಕ್ಕು ತಿಂದ ತೂತು. ಕಾಲೊರಸು ಎತ್ತಿದರೆ ಅದರ ಅಡಿಯೆಲ್ಲ ಮಸಿ.

"ಕಾರು ಓಡುವಾಗ ಹಿಂದೆ ಗಾಳಿ ಖಾಲಿ ಆಗುತ್ತೆ. ಹೊಗೆ ಅಲ್ಲೇ ಸುತ್ತಿ ಮೇಲೆ ಏರುತ್ತೆ," ಎಂದ ಎಮರಿ. ಜೂನಿನಲ್ಲಿ ಹೇಳಿದ್ದೆ ಎಂದು ಅವನು ಎತ್ತಿ ಆಡಲಿಲ್ಲ. ಆಡಿದ್ದರೆ ವೆಂಡೆಲ್‌ಗೆ ಹಗುರಾಗುತ್ತಿತ್ತು.

"ನೀನು ಪೈಪು ಮಾರೋಕೆ ಹೇಳ್ತಿದ್ದೀಯ ಅಂದ್ಕೊಂಡಿದ್ದೆ," ಎಂದ ವೆಂಡೆಲ್.

"ಗೊತ್ತು."

"ಆಮೇಲೆ ಅರ್ಡಿತ್ ಜೊತೆ ನೀನು ಸೇರಿಕೊಂಡು..."

"ಅದನ್ನ ಬಾಯಿ ಬಿಟ್ಟು ಹೇಳ್ಬೇಡ. ಆ ಕಡೆ ಹಿಡ್ಕೋ, ಬೋಲ್ಟ್ ಬಿಚ್ತೀನಿ."

ಮರುದಿನ ಅರ್ಡಿತ್ ಪೆಟ್ಟಿಗೆ ಕಟ್ಟಿದಳು. ಅಕ್ಕನ ಮನೆಗೆ ಹೋಗುತ್ತೇನೆ ಎಂದಳು. ಎಷ್ಟು ದಿನ ಎಂದು ಅವನು ಕೇಳಿದ. ಗೊತ್ತಿಲ್ಲ ಎಂದಳು. ಬಸ್ಸು ಹತ್ತುವಾಗ ಅವನ ಕೆನ್ನೆಗೆ ಮುತ್ತಿಟ್ಟಳೇನೋ ಹೌದು, ಆದರೆ ಅದು ನೆಂಟರಿಗೆ ಕೊಡುವಂಥದ್ದು.

ವೆಂಡೆಲ್ ಮತ್ತು ಎಮರಿ ಹೊಸ ಹೊಗೆಪೈಪಿನ ಕೆಲಸಕ್ಕೆ ಇಳಿದರು. ಹಳೆಯದನ್ನು ಸೈಲೆನ್ಸರಿನ ಹಿಂದೆ ಕತ್ತರಿಸಿದರು. ಎಮರಿ ಬಾಗು ಪೈಪುಗಳನ್ನು ಒಂದೊಂದಾಗಿ ಹಿಡಿದು ನೋಡಿ, ಆಕ್ಸಲ್ಲಿನ ಮೇಲೆ ಕಮಾನಿನಂತೆ ಹತ್ತಿಸಿ ಇಳಿಸಿದ. ಕಾರು ಗುಂಡಿಗೆ ಬಿದ್ದರೆ ಆಕ್ಸಲ್ ಮೇಲೇರುತ್ತದೆ, ಆಗ ತಾಗಬಾರದು. ಅದಕ್ಕೆ ಡಿಕ್ಕಿಯಲ್ಲಿ ಆರು ಮೂಟೆ ಸಿಮೆಂಟು ಹೇರಿ, ನಡುವೆ ಇನ್ನೂ ಮೂರು ಬೆರಳು ಜಾಗ ಉಳಿದಿದೆಯೆಂದು ನೋಡಿಕೊಂಡರು. ಹಳೇ ಟೈರಿನ ಪಕ್ಕೆ ಕೊಯ್ದು ಪಟ್ಟಿ ಮಾಡಿ, ಪೈಪು ಅಲುಗಾಡಿದರೂ ಬಿರಿಯದಂತೆ ತೂಗುಹಾಕಿದರು. ಚುಕ್ಕೆ ವೆಲ್ಡ್ ಇಟ್ಟಲ್ಲೆಲ್ಲ ಸುತ್ತ ಪೂರ್ತಿ ವೆಲ್ಡ್ ಎಳೆದರು. ಪೈಪಿನ ಬಾಯಿ ಈಗ ಹಿಂದಿನ ಬಂಪರಿನ ಆಚೆ ಇತ್ತು.

ನೆಲದ ಹಲಗೆ ಕಿತ್ತೆಸೆದು ವೆಂಡೆಲ್ ತಗಡು ಹೊಡೆದ. ಅದು ಅವನದೇ ವಿದ್ಯೆ. ವಿಮಾನದ ರೆಕ್ಕೆಗೆ ಹೊಡೆದ ಹಾಗೆ ಬೆರಳಿಗೊಂದು ರಿವೆಟ್, ಅಂಚಿಗೆಲ್ಲ ಅಂಟು, ಪೆಡಲಿನ ಸುತ್ತ ದಪ್ಪ ಉಣ್ಣೆಯ ಪಟ್ಟಿ. ಕೊನೆಗೆ ಕಸ ಎಳೆಯುವ ಮಿಷಿನ್ನಿನಿಂದ ಪೈಪಿನೊಳಗೆ ಗಾಳಿ ಊದಿಸಿ, ಬೆಸುಗೆಗೆಲ್ಲ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಏಳಲಿಲ್ಲ. ಸ್ಟಾರ್ಟ್ ಮಾಡಿದಾಗ ಸದ್ದು ಮೊದಲಿನ ಗುಡುಗಲ್ಲ, ಎದೆಯೊಳಗಿನ ಗೊಣಗು. ವೆಂಡೆಲ್‌ಗೆ ಅದರ ಬಗ್ಗೆ ಏನೂ ಅನ್ನಿಸಲಿಲ್ಲ.

ಭಾನುವಾರಗಳಲ್ಲಿ ಕೂಸ್ ಬೇ ಊರಿಗೆ ಫೋನ್ ಮಾಡುತ್ತಿದ್ದ. ಅಲ್ಲಿ ಮಳೆ ಎನ್ನುತ್ತಿದ್ದಳು. ಇಲ್ಲಿ ಗಾಳಿ ಎನ್ನುತ್ತಿದ್ದ. ಎರಡನೇ ಭಾನುವಾರ ಅವನು ಹೇಳಿದ:

"ತಪ್ಪಾಯ್ತು ಅಂತ ಹೇಳಿದ್ರೆ ಸಾಕಾಗಲ್ಲ ಅಂತ ಗೊತ್ತು. ಹೊಗೆ ತಲೆಗೇರಿತ್ತು ಅಂದ್ರೆ ಅದು ನೆಪ. ಫ್ಲಾಯ್ಡ್ ಹೆಸರು ತೆಗೆದಿದ್ದು ಗುರುವಾರ. ಗುರುವಾರ ನಾನು ಕಾರೇ ತೆಗೆದಿರ್ಲಿಲ್ಲ."

"ನೀನು ಅಷ್ಟನ್ನ ಒಪ್ಕೊಂಡೆಯಲ್ಲ," ಎಂದಳು. "ಗುರುವಾರ ಬರ್ತೀನಿ. ಇರೋಕೆ ಬರ್ತೀನಿ ಅಂತ ಹೇಳ್ತಿಲ್ಲ. ಬರ್ತೀನಿ."

ಅವನು ಹಳೆಯ ಪಿಕಪ್ಪಿನಲ್ಲಿ ಹೋಗಿ ಬಸ್ ನಿಲ್ದಾಣದಿಂದ ಕರೆತಂದ. ಅವಳು ಮನೆಯೊಳಗೆ ಹೋಗದೆ ನೇರ ಶೆಡ್ಡಿಗೆ ನಡೆದಳು.

"ಸ್ಟಾರ್ಟ್ ಮಾಡು."

"ಎಲ್ಲಾ ನೋಡಿದ್ದೀವಿ. ಎಮರಿ ಎರಡು ಸಲ—"

"ಸ್ಟಾರ್ಟ್ ಮಾಡು ಅಂದೆ."

ಶೆಡ್ಡಿನ ಎರಡೂ ಬಾಗಿಲು ತೆರೆದು, ಕಾರನ್ನು ಅಂಗಳಕ್ಕೆ ತಳ್ಳಿ, ಸ್ಟಾರ್ಟ್ ಮಾಡಿದ. ಅವಳು ಪ್ರಯಾಣದ ಕೋಟು ಬಿಚ್ಚದೆ ಒಂದು ದಪ್ಪ ಬಟ್ಟೆ ಒದ್ದೆ ಮಾಡಿ ತಂದಳು. ಒಂದು ಪೈಪಿನ ಬಾಯಿಗೆ ಒತ್ತಿ ಹಿಡಿದು ಕಿವಿ ಕೊಟ್ಟಳು. ಆಮೇಲೆ ಇನ್ನೊಂದಕ್ಕೆ. ಹೊಗೆಗೆ ದಾರಿ ಕಟ್ಟಿದರೆ ಅದು ಬೇರೆ ಸಂದು ಹುಡುಕಿಕೊಂಡು ಹೊರಡಬೇಕು. ಎಂಜಿನ್ ಏದುಸಿರು ಬಿಟ್ಟಿತು. ಎಲ್ಲೋ ಮುಂದೆ, ಎಡಗಡೆ, ಸಣ್ಣಗೆ ಟಿಸ್ ಟಿಸ್ ಎಂದಿತು.

"ಕೇಳಿಸ್ತಾ?"

ವೆಂಡೆಲ್ ಬಗ್ಗಿ ಕಿವಿಗೊಟ್ಟ. ಎಂಜಿನ್ನಿಗೆ ಪೈಪು ಕೂಡುವ ಜಾಗ, ಅಲ್ಲಿನ ತಾಮ್ರದ ಪ್ಯಾಕಿಂಗ್. ಬಿಸಿಯಾದಾಗ ಬೋಲ್ಟ್ ಒಂದೆಳೆ ಸಡಿಲಾಗಿತ್ತು. ಸೋಪಿನ ನೀರನ್ನು ಅವರು ಬಳಿದದ್ದು ಎಂಜಿನ್ ತಣ್ಣಗಿದ್ದಾಗ.

"ಕೇಳಿಸ್ತು," ಎಂದ. ಮುಖ ಎತ್ತಲಿಲ್ಲ.

ಸ್ಪ್ಯಾನರ್ ತಂದು ಬಿಸಿ ಕಬ್ಬಿಣದ ಪಕ್ಕದಲ್ಲಿ ಬೆರಳು ಸುಟ್ಟುಕೊಳ್ಳುತ್ತಾ ಬಿಗಿದ. ಅವಳು ಮತ್ತೆ ಬಟ್ಟೆ ಒತ್ತಿ ಹಿಡಿದಳು. ಈ ಸಲ ಹೊಗೆಗೆ ಎಲ್ಲೂ ಸಂದು ಸಿಗದೆ ಎಂಜಿನ್ ಉಸಿರುಕಟ್ಟಿ ನಿಂತೇಹೋಯಿತು. ಅಂಗಳ ನಿಶ್ಶಬ್ದವಾಯಿತು.

"ಈಗ ಸರಿ," ಎಂದಳು.

ಪೆಟ್ಟಿಗೆ ಮಾತ್ರ ಬಾಗಿಲ ಹತ್ತಿರವೇ ನಿಂತಿತ್ತು. ಶುಕ್ರವಾರ ಅದರಿಂದ ಒಂದು ಸ್ವೆಟರ್ ಎತ್ತಿಕೊಂಡಳು, ಶನಿವಾರ ಚಪ್ಪಲಿ. ಅವನು ಪ್ರತಿ ಸಲ ಅದನ್ನು ದಾಟುವಾಗಲೂ ನೋಡುತ್ತಿದ್ದ, ಕೇಳುತ್ತಿರಲಿಲ್ಲ. ಕೇಳುವ ಹಕ್ಕು ಸದ್ಯಕ್ಕೆ ತನಗಿಲ್ಲ ಎಂದುಕೊಂಡಿದ್ದ. ಭಾನುವಾರ ಮಧ್ಯಾಹ್ನ ಶೆಡ್ಡಿನಿಂದ ಬಂದಾಗ ಪೆಟ್ಟಿಗೆ ಇರಲಿಲ್ಲ. ಒಳಗೆ ಅವಳು ಬಟ್ಟೆಗಳನ್ನು ಬೀರುವಿನಲ್ಲಿ ತೂಗುಹಾಕುತ್ತಿದ್ದಳು.

"ನೋಡ್ತಾ ಏನ್ ನಿಂತಿದ್ದೀಯ?" ಎಂದಳು ತಿರುಗದೆಯೇ. "ಹ್ಯಾಂಗರ್ ಕೊಡು."